ಸೇತುವೆ ಮೇಲಿನ ಪಂಕ್ತಿಯೋ, ಕ್ರೇಮಾದ ಸಿಹಿ ಹೂರಣವೋ: ಎರಡು ಪಾಸ್ತಾ ಹಬ್ಬಗಳ ಹೋಲಿಕೆ

ಮಿಲಾನ್‌ನಲ್ಲಿರುವ ಕನ್ನಡದ ಗೆಳೆಯರು ಬೇಸಿಗೆ ಬಂದರೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಒಂದೇ ಒಂದು ಸಾಗ್ರಕ್ಕೆ ಹೋಗುವುದಾದರೆ ವಲೆಜ್ಜೊಗೆ ಹೋಗಬೇಕಾ, ಕ್ರೇಮಾಗೆ ಹೋಗಬೇಕಾ? ಸಾಗ್ರ ಅಂದರೆ ಇಟಲಿಯ ಊರಹಬ್ಬ. ಮೊದಲು ಚರ್ಚಿನ ಪ್ರತಿಷ್ಠೆಯ ಹಬ್ಬಕ್ಕೆ ಆ ಹೆಸರಿತ್ತು. ಈಗ ಊರಿನ ಒಂದು ತಿನಿಸಿನ ಹೆಸರಲ್ಲಿ ಮಾಡುವ ಹಬ್ಬಕ್ಕೂ ಅದನ್ನೇ ಹೇಳುತ್ತಾರೆ. ನಾನು ಎರಡು ಕಡೆಗೂ ಹೋಗಿ ಉಂಡು ಬಂದಿದ್ದೇನೆ. ಕ್ರೇಮಾಗೆ ಹೋಗಿ ಅಂತೀನಿ.

ಹಾಗಂತ ವಲೆಜ್ಜೊ ಕಡಿಮೆ ಅಂತಲ್ಲ. ವಲೆಜ್ಜೊ ಸುಲ್ ಮಿಂಚೊ ವೆರೋನಾ ಜಿಲ್ಲೆಯ ಚಿಕ್ಕ ಊರು. ಗಾರ್ಡಾ ಸರೋವರದಿಂದ ಹರಿದು ಬರುವ ಮಿಂಚೊ ನದಿಯ ಪಕ್ಕದಲ್ಲಿದೆ. ಅಲ್ಲಿ ಮಿಲಾನ್‌ನ ದೊರೆ ಜಾನ್ ಗಲೆಯಾತ್ಸೊ ವಿಸ್ಕೊಂತಿ 1393ರಲ್ಲಿ ಕಟ್ಟಿಸಿದ ಉದ್ದನೆಯ ಸೇತುವೆ ಇದೆ. ಅದಕ್ಕೆ 600 ವರ್ಷ ತುಂಬಿದಾಗ, ಅಂದರೆ 1993ರಲ್ಲಿ, ಈ ಹಬ್ಬ ಶುರುವಾಯಿತು. ಸಾಮಾನ್ಯವಾಗಿ ಜೂನ್ ತಿಂಗಳ ಮೂರನೇ ಮಂಗಳವಾರ, ಒಂದೇ ಒಂದು ರಾತ್ರಿ. ಸೇತುವೆಯ ಉದ್ದಕ್ಕೂ ಮೇಜು ಜೋಡಿಸಿ, ಬಿಳಿ ಬಟ್ಟೆ ಹಾಸಿ, ಸಾವಿರಾರು ಜನರಿಗೆ ಒಟ್ಟಿಗೆ ಬಡಿಸುತ್ತಾರೆ. ಮಠಗಳ ದೊಡ್ಡ ಪಂಕ್ತಿಗಳಲ್ಲಿ ಕೂತು ಉಂಡವನು ನಾನು. ಆದರೂ ಆ ಸಾಲಿನ ಕೊನೆ ಕಾಣದೆ ಸುಮ್ನೆ ನಿಂತುಬಿಟ್ಟೆ. ಕೆಳಗೆ ಬೊರ್ಗೆತ್ತೊ ಅನ್ನುವ ನದಿದಡದ ಕೇರಿಯ ಹಳೆಯ ನೀರಿನ ಗಿರಣಿಗಳು, ಎದುರಿಗೆ ಮುಳುಗುವ ಸೂರ್ಯ.

ಅಲ್ಲಿಯ ತಿನಿಸು ತೊರ್ತೆಲ್ಲೀನಿ, ಹೂರಣ ತುಂಬಿ ಮಡಚಿದ ಪುಟ್ಟ ಪಾಸ್ತಾ. ಊರವರು ಅದಕ್ಕೆ ಪ್ರೀತಿಯ ಗಂಟು ಅಂತಾರೆ. ವಿಸ್ಕೊಂತಿಯ ಸೈನ್ಯದ ಮಾಲ್ಕೊ, ನದಿಯ ಅಪ್ಸರೆ ಸಿಲ್ವಿಯಾ ಇಬ್ಬರೂ ಪ್ರೀತಿಸಿ ಕೊನೆಗೆ ನೀರಿಗೆ ಇಳಿದರಂತೆ. ದಡದಲ್ಲಿ ಸಿಕ್ಕಿದ್ದು ಗಂಟು ಹಾಕಿದ ರೇಷ್ಮೆ ಕರವಸ್ತ್ರ ಮಾತ್ರ. ಆ ಕರವಸ್ತ್ರದ ನೆನಪಿಗೇ ಊರಿನ ಹೆಂಗಸರು ಹಿಟ್ಟನ್ನು ರೇಷ್ಮೆಯಷ್ಟು ತೆಳ್ಳಗೆ ಲಟ್ಟಿಸಿ ಗಂಟು ಹಾಕಲು ಶುರು ಮಾಡಿದರು ಅನ್ನುವುದು ಕಥೆ. ತೆಳ್ಳಗೆ ಅನ್ನುವುದು ಮಾತ್ರ ಕಥೆಯಲ್ಲ. ಒಂದನ್ನು ಫೋರ್ಕಿನಲ್ಲಿ ಎತ್ತಿ ದೀಪಕ್ಕೆ ಹಿಡಿದರೆ ಒಳಗಿನ ಹೂರಣದ ಬಣ್ಣ ಕಾಣುತ್ತದೆ. ಬಾಯಲ್ಲಿ ಹಿಟ್ಟು ಇದೆ ಅಂತಲೇ ಗೊತ್ತಾಗುವುದಿಲ್ಲ. ಬೆಣ್ಣೆ ಮತ್ತು ಸೇಜ್ ಎಲೆಯ ಜೊತೆ ತಿಂದದ್ದು ನನಗೆ ಬಹಳ ಇಷ್ಟವಾಯಿತು. ಸಾರಿನಲ್ಲಿ ತೇಲಿಸಿ ಕೊಟ್ಟದ್ದೂ ಚೆನ್ನಾಗಿತ್ತು, ಆದರೆ ಜೂನ್ ಸೆಕೆಗೆ ಅದು ನನಗೆ ಜಾಸ್ತಿಯಾಯಿತು.

ಒಳಗಿರುವುದು ಮಾಂಸದ ಹೂರಣ. ಸಸ್ಯಾಹಾರಿಗಳಿಗೆ ಇಲ್ಲಿಗೇ ಈ ಹೋಲಿಕೆ ಮುಗಿಯಿತು. ತಿನ್ನುವವರಿಗೂ ಒಂದು ಮಾತು ಹೇಳಬೇಕು. ಟಿಕೆಟ್ಟನ್ನು ಮೊದಲೇ ಕೊಳ್ಳಬೇಕು, ಬೇಗ ಮುಗಿಯುತ್ತವೆ, ಬೆಲೆಯೂ ಜಾಸ್ತಿ. ಊಟ ಮುಗಿಯುವಾಗ ರಾತ್ರಿ ಬಹಳ ಹೊತ್ತಾಗಿರುತ್ತದೆ. ಊರಿಗೆ ರೈಲಿಲ್ಲ, ಹತ್ತಿರದ ದೊಡ್ಡ ನಿಲ್ದಾಣ ಪೆಸ್ಕಿಯೇರಾ. ನಾನು ಅಲ್ಲಿ ಒಂದು ರೂಮು ಹಿಡಿದು, ಮಧ್ಯಾಹ್ನ ನದಿ ಪಕ್ಕದ ಸೈಕಲ್ ದಾರಿಯಲ್ಲಿ ಹೋಗಿದ್ದೆ. ಆ ಸವಾರಿ ಸೊಗಸಾಗಿತ್ತು. ವಾಪಸು ಕತ್ತಲಲ್ಲಿ ಅದೇ ದಾರಿ ತುಳಿದದ್ದು ಬೇಡವಾಗಿತ್ತು. ಮರುದಿನ ಬುಧವಾರ, ಆಫೀಸು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ರಾತ್ರಿ ನನ್ನ ಕಣ್ಣು ಸೇತುವೆ ಮೇಲಿತ್ತು, ತಟ್ಟೆಯ ಮೇಲೆ ಇರಲಿಲ್ಲ.

ಕ್ರೇಮಾದಲ್ಲಿ ಹಾಗಾಗಲಿಲ್ಲ. ಕ್ರೇಮೋನಾ ಜಿಲ್ಲೆಯ ಈ ಊರು ಮಿಲಾನ್‌ಗೆ ಹತ್ತಿರ. ತ್ರೆವಿಲ್ಯೊದಲ್ಲಿ ರೈಲು ಬದಲಿಸಿದರೆ ಸಾಕು. ತೊರ್ತೆಲ್ಲಾತ ಅನ್ನುವ ಹಬ್ಬ ಆಗಸ್ಟ್ 15ರ ಆಸುಪಾಸಿನಲ್ಲಿ ನಡೆಯುತ್ತದೆ. ಆ ದಿನ ಇಟಲಿಗೆಲ್ಲ ಫೆರ್ರಾಗೋಸ್ತೊ ರಜೆ. ನಾನು ಹೋದ ವರ್ಷ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಬೆಳಿಗ್ಗೆ ಫೋನಿನಲ್ಲಿ ಕೆಂಪುಕೋಟೆಯ ಬಾವುಟ ನೋಡಿ, ಸಂಜೆ ಕ್ರೇಮಾದ ರೈಲು ಹತ್ತಿದೆವು.

ಇಲ್ಲಿ ಬಿಳಿ ಬಟ್ಟೆ ಇಲ್ಲ. ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು, ತಟ್ಟೆ ಹಿಡಿದುಕೊಂಡು ಜಾಗ ಸಿಕ್ಕ ಬೆಂಚಿನಲ್ಲಿ ಕೂರಬೇಕು. ಆದರೆ ಎಲ್ಲರೂ ಬಂದಿರುವುದು ತೊರ್ತೆಲ್ಲಿ ಅನ್ನುವ, ಹೂರಣ ತುಂಬಿದ ಪಾಸ್ತಾದ ಆ ಒಂದು ತಿನಿಸಿಗೇ. ಪಕ್ಕದವರು ಮಾತಾಡುತ್ತಿದ್ದದ್ದೂ ಅದರ ಬಗ್ಗೆಯೇ. ಯಾರ ಮನೆಯಲ್ಲಿ ಒಣದ್ರಾಕ್ಷಿ ಎಷ್ಟು ಹಾಕುತ್ತಾರೆ ಅನ್ನುವುದಕ್ಕೆ ದೊಡ್ಡ ಚರ್ಚೆ ನಡೆದಿತ್ತು.

ಹೌದು, ಒಣದ್ರಾಕ್ಷಿ. ಕ್ರೇಮಾದ ತೊರ್ತೆಲ್ಲಿಗೆ ಸಿಹಿ ಹೂರಣ. ಅಮರೆತ್ತಿ ಅನ್ನುವ ಕಪ್ಪು ಬಿಸ್ಕತ್ತಿನ ಪುಡಿ, ಒಣದ್ರಾಕ್ಷಿ, ಸಕ್ಕರೆಯಲ್ಲಿ ಊರಿದ ಮಾದಳದ ಸಿಪ್ಪೆ, ದಾಲ್ಚಿನ್ನಿ ಜಾಯಿಕಾಯಿ ಹಾಕಿದ ಮೊಸ್ತಚ್ಚೀನೊ ಅನ್ನುವ ಮಸಾಲೆ ಬಿಸ್ಕತ್ತು, ಪುದೀನದ ಪೆಪ್ಪರಮೆಂಟು. ಇಷ್ಟರ ಜೊತೆಗೆ ಉಪ್ಪುಪ್ಪಾದ ಗ್ರಾನಾ ಚೀಸು. ಮೇಲೆ ಕರಗಿಸಿದ ಬೆಣ್ಣೆ, ಮತ್ತೆ ಚೀಸು. ಕಣಕಕ್ಕೆ ಮೊಟ್ಟೆ ಇಲ್ಲ, ಬರೀ ಹಿಟ್ಟು ಮತ್ತು ಬಿಸಿನೀರು. ಕ್ರೇಮಾ 1449ರಿಂದ 1797ರವರೆಗೆ ವೆನಿಸ್‌ನ ಕೈಯಲ್ಲಿತ್ತು. ಪೂರ್ವದ ಮಸಾಲೆ ವ್ಯಾಪಾರ ವೆನಿಸ್‌ನದೇ ಆಗಿತ್ತಲ್ಲ, ಈ ಹೂರಣದ ಪರಿಮಳಕ್ಕೆ ಊರವರು ಕೊಡುವ ಕಾರಣ ಅದೇ.

ಮೊದಲ ತುತ್ತಿಗೆ ನನಗೆ ಏನೂ ಅರ್ಥವಾಗಲಿಲ್ಲ. ಸಿಹಿ, ಆಮೇಲೆ ಉಪ್ಪು, ಕೊನೆಗೆ ಗಂಟಲಲ್ಲಿ ತಣ್ಣಗೆ ಪುದೀನ. ಮೂರನೆಯದಕ್ಕೆ ನಾಲಿಗೆ ಒಪ್ಪಿತು. ಅಮ್ಮನಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ. ಒಂದನ್ನು ಕಚ್ಚಿ, ಉಳಿದರ್ಧವನ್ನು ತಿರುಗಿಸಿ ನೋಡಿ, "ಇದು ನಮ್ಮ ಕಡುಬೇ ಅಲ್ವೇನೋ? ಹೂರಣ ಬೇರೆ ಅಷ್ಟೇ. ಪೆಪ್ಪರಮೆಂಟು ಬೇಡಿತ್ತು," ಅಂದರು.

ಎದುರಿಗೆ ಕೂತಿದ್ದ ಅಜ್ಜಿಗೆ ಅಮ್ಮ ತೊರ್ತೆಲ್ಲಿಯ ಅಂಚನ್ನೇ ನೋಡುತ್ತಿರುವುದು ಕಂಡಿತು. ಅವರು ಕಾಗದದ ನ್ಯಾಪ್ಕಿನ್ ತೆಗೆದು ಮಡಚಿ, ಹೆಬ್ಬೆರಳು ತೋರುಬೆರಳಿನಲ್ಲಿ ಒಂದೊಂದಾಗಿ ಚಿವುಟಿ ತೋರಿಸಿದರು. ಐದು ಚಿವುಟು, ಐದು ಬೆರಳು ಬಿಡಿಸಿ ಎಣಿಸಿಯೂ ತೋರಿಸಿದರು. ಅಮ್ಮ ಇನ್ನೊಂದು ನ್ಯಾಪ್ಕಿನ್ ತೆಗೆದುಕೊಂಡು, ಗಣೇಶನ ಹಬ್ಬಕ್ಕೆ ಕರಿಗಡುಬಿನ ಅಂಚಿಗೆ ನೆರಿಗೆ ಮಡಿಸುವ ಹಾಗೆ ಸರಸರನೆ ಮಡಿಸಿ ಮುಂದಿಟ್ಟರು. ಅಜ್ಜಿ ಅದನ್ನು ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ನೆರಿಗೆ ಮೇಲೆ ಉಗುರಾಡಿಸಿ ನೋಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ನಾನು ಅನುವಾದ ಮಾಡಲು ಹೋದರೆ ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ.

ಸಸ್ಯಾಹಾರಿಗಳು ಇಲ್ಲಿಯೂ ಕೇಳಿಯೇ ತಿನ್ನಿ. ಅಮರೆತ್ತಿಗೆ ಮೊಟ್ಟೆಯ ಬಿಳಿ ಹಾಕುತ್ತಾರೆ, ಗ್ರಾನಾ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕೆಲವರು ಹೂರಣಕ್ಕೆ ಮರ್ಸಾಲಾ ವೈನನ್ನೂ ಹಾಕುತ್ತಾರೆ. ಅಮ್ಮನಿಗೆ ಹಿಂದಿನ ದಿನವೇ ಇದನ್ನು ಹೇಳಿದ್ದೆ. ಚೀಸಿನ ವಿಷಯಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ಬರುತ್ತೇನೆ ಅಂದಿದ್ದರು. ನಿಮ್ಮ ಮನೆಯವರಿಗೂ ಮೊದಲೇ ಹೇಳಿ, ತಟ್ಟೆ ಮುಂದೆ ಇಟ್ಟ ಮೇಲೆ ಅಲ್ಲ.

ಮದುವೆಯ ವಾರ್ಷಿಕೋತ್ಸವ ಅಂತಲೋ, ಜೀವನದಲ್ಲಿ ಒಮ್ಮೆ ನೋಡಬೇಕು ಅಂತಲೋ ಇದ್ದರೆ ಖಂಡಿತ ವಲೆಜ್ಜೊದ ಟಿಕೆಟ್ ತೆಗೆಸಿ, ರಾತ್ರಿ ಉಳಿಯಲು ವಲೆಜ್ಜೊದಲ್ಲೇ ಜಾಗ ನೋಡಿಕೊಳ್ಳಿ. ಮತ್ತೆ ಮತ್ತೆ ಹೋಗುವುದಾದರೆ, ಮಕ್ಕಳು ಅಪ್ಪ ಅಮ್ಮ ಎಲ್ಲ ಜೊತೆಗಿದ್ದರೆ ಕ್ರೇಮಾ. ಒಬ್ಬರು ಜಾಗ ಹಿಡಿಯಲಿ, ಒಬ್ಬರು ಸಾಲಿನಲ್ಲಿ ನಿಲ್ಲಲಿ. ತಟ್ಟೆ ಬಂದ ಕೂಡಲೇ ತಿನ್ನಿ, ಫೋಟೋ ಆಮೇಲೆ. ಬೆಣ್ಣೆ ಆರಿದರೆ ಆ ಹೂರಣ ಭಾರವಾಗುತ್ತದೆ.