ಸರಗಳ್ಳತನದ ದೂರು ಮತ್ತು ನಮ್ಮ ಬಡಾವಣೆಯ ಪೊಲೀಸ್ ಠಾಣೆಯ ಸೇವೆ

ಕಳೆದ ತಿಂಗಳು ನನ್ನ ತಾಯಿಯವರ ಕುತ್ತಿಗೆಯಿಂದ ಸರ ಕಿತ್ತೊಯ್ದಾಗ ನಾವು ಹತ್ತಿರದ ಠಾಣೆಗೆ ಹೋದೆವು. ಅಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ತಾಯಿಯವರನ್ನು ಕೂರಿಸಿ, ನೀರು ಕೊಟ್ಟು, ಅವರ ನಡುಕ ನಿಲ್ಲುವವರೆಗೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಸೌಜನ್ಯವನ್ನು ನಾವು ಮರೆಯುವುದಿಲ್ಲ.

ದೂರು ಬರೆಸುವ ಹೊತ್ತಿಗೆ ಸ್ಥಿತಿ ಬೇರೆಯಾಯಿತು. ಘಟನೆ ನಡೆದ ರಸ್ತೆ ತಮ್ಮ ಸರಹದ್ದಿಗೆ ಬರುವುದಿಲ್ಲವೆಂದು ದೂರು ಬರೆದುಕೊಳ್ಳುವ ಸಿಬ್ಬಂದಿಯಾದ ರೈಟರ್ ನಮ್ಮನ್ನು ಬೇರೆ ಠಾಣೆಗೆ ಕಳುಹಿಸಲು ಹೊರಟರು. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಅಪರಾಧ ಪ್ರಕರಣಗಳ ವಿಧಾನವನ್ನು ನಿಗದಿಪಡಿಸುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಇಂತಹ ಅಪರಾಧ ಯಾವ ಸರಹದ್ದಿನಲ್ಲೇ ನಡೆದಿದ್ದರೂ ಮಾಹಿತಿಯನ್ನು ಠಾಣೆ ಸ್ವೀಕರಿಸಬೇಕು ಮತ್ತು ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು ವಿನಯದಿಂದ ತಿಳಿಸಿ, ಎರಡು ಗಂಟೆ ಕಾದ ಬಳಿಕ ಎಫ್‌ಐಆರ್ ದಾಖಲಾಯಿತು. ಕಾನೂನು ಗೊತ್ತಿಲ್ಲದ ವೃದ್ಧರೊಬ್ಬರೇ ಬಂದಿದ್ದರೆ ಬರಿಗೈಯಲ್ಲಿ ಮರಳುತ್ತಿದ್ದರೆಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಪ್ರವೇಶದ್ವಾರದಲ್ಲೂ ಲಾಕಪ್ ಎದುರಿಗೂ ಕ್ಯಾಮೆರಾಗಳಿದ್ದವು. ಠಾಣೆಯ ಯಾವ ಭಾಗವೂ ಕ್ಯಾಮೆರಾ ಕಣ್ಣಿನಿಂದ ಹೊರಗುಳಿಯಬಾರದೆಂದೂ, ಅವು ಇರುವುದನ್ನು ತಿಳಿಸುವ ಫಲಕವನ್ನು ಸ್ಥಳೀಯ ಭಾಷೆಯಲ್ಲಿಯೂ ಹಾಕಬೇಕೆಂದೂ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಆ ಫಲಕ ನನಗೆ ಕಾಣಲಿಲ್ಲ. ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟಿನ 2006ರ ತೀರ್ಪು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಸ್ಥಾಪಿಸಲು ಹೇಳಿದ, ಪೊಲೀಸರ ವಿರುದ್ಧದ ದೂರುಗಳನ್ನು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರದ ವಿಳಾಸವೂ ಗೋಡೆಯ ಮೇಲೆ ಎಲ್ಲಿಯೂ ಇರಲಿಲ್ಲ.

ಹೋಗುವವರು ದೂರನ್ನು ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.