ಗ್ರಾನೈಟ್ ಕಟಿಂಗ್‌ಗೆ ಧೂಳು ಎಳೆಯೋ ವ್ಯಾಕ್ಯೂಮ್: ಎರಡೂವರೆ ವರ್ಷ ಬಳಸಿದ್ಮೇಲೆ ಬರೀತಿದೀನಿ

ನಮ್ದು ಅಡುಗೆಮನೆ ಗ್ರಾನೈಟ್ ಕೂರಿಸೋ ಕೆಲಸ. ಬೆಂಗಳೂರು ಹತ್ತಿರದ ಜಿಗಣಿಯಿಂದ ಸ್ಲ್ಯಾಬ್ ತಂದು ಸಿಂಕ್‌ಗೆ, ಸ್ಟೌಗೆ ಸೈಟಲ್ಲೇ ಕಟ್ ಮಾಡ್ತೀವಿ. ಫ್ಯಾಕ್ಟರೀಲಾದ್ರೆ ನೀರು ಬಿಟ್ಕೊಂಡು ಕೊಯ್ತಾರೆ, ಧೂಳು ಕಮ್ಮಿ, ಆದ್ರೆ ಮರದ ಕೆಲಸ ಮುಗಿದಿರೋ ಫ್ಲಾಟಲ್ಲಿ ನೀರು ಅಂದ್ರೆ ಓನರ್ ಒಪ್ಪಲ್ಲ, ಹಂಗಾಗಿ ಒಣಗೇ ಕಟ್ ಮಾಡ್ಬೇಕು, ಐದು ನಿಮಿಷಕ್ಕೆ ಎದುರಿಗೆ ಇರೋನ ಮುಖ ಕಾಣಲ್ಲ.

ಸಿಲಿಕೋಸಿಸ್, ಅಂದ್ರೆ ಕಲ್ಲಿನ ಧೂಳಲ್ಲಿರೋ ಸಿಲಿಕಾ ಉಸಿರಲ್ಲಿ ಒಳಗೆ ಹೋಗಿ ಬರೋ ಶ್ವಾಸಕೋಶದ ಕಾಯಿಲೆ, ಗೊತ್ತಿತ್ತು, ಕ್ಯಾನ್ಸರ್ ವಿಷಯ ಗೊತ್ತಿರ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1997ರಲ್ಲೇ ಈ ಸಿಲಿಕಾ ಧೂಳನ್ನ ಗ್ರೂಪ್ 1ಕ್ಕೆ ಹಾಕಿದೆ, ಅಂದ್ರೆ ಶ್ವಾಸಕೋಶದ ಕ್ಯಾನ್ಸರ್ ಬರಿಸುತ್ತೆ ಅಂತ ಖಚಿತ. ಈಗ ಎಲ್ರೂ ಕೇಳೋ ಕ್ವಾರ್ಟ್ಜ್ ಟಾಪ್‌ನಲ್ಲಂತೂ (ಕಲ್ಲಿನ ಪುಡಿಗೆ ಅಂಟು ಸೇರಿಸಿ ಮಾಡೋ ಕೃತಕ ಕಲ್ಲು) ಸಿಲಿಕಾ ಎಷ್ಟೋ ಸಲ 90% ದಾಟಿರುತ್ತೆ, ಆಸ್ಟ್ರೇಲಿಯಾ 2024 ಜುಲೈಯಿಂದ ಅದನ್ನ ಬ್ಯಾನೇ ಮಾಡ್ತು. ಕ್ಯಾನ್ಸರ್ ವಿಷಯ ಓದಿದ ವಾರವೇ ಕಲ್ಲು ಕೊಯ್ಯೋ ಗ್ರೈಂಡರ್‌ಗೆ ಹಾಕೋ ಕವರ್, ಜೊತೆಗೆ ಎಂ ಕ್ಲಾಸ್ ವ್ಯಾಕ್ಯೂಮ್ (ಇಂಥ ಅಪಾಯದ ಸಣ್ಣ ಧೂಳು ಹಿಡಿಯೋಕೆ ಮಾಡಿರೋದು) ತಗೊಂಡೆ. ಮನೆ ಗುಡಿಸೋ ಮಾಮೂಲಿ ವ್ಯಾಕ್ಯೂಮ್ ಸಾಲಲ್ಲ, ಸಣ್ಣ ಧೂಳನ್ನ ಹಿಂದಿಂದ ವಾಪಸ್ ರೂಮಿಗೇ ಊದುತ್ತೆ. ಎಂ ಕ್ಲಾಸ್ ಫಿಲ್ಟರ್ 99.9% ಹಿಡೀಬೇಕು ಅನ್ನೋದು ಅದರ ಸ್ಟ್ಯಾಂಡರ್ಡ್.

ತುಂಬಾ ಇಷ್ಟ ಆಗಿದ್ದು, ಗ್ರೈಂಡರ್ ಪ್ಲಗ್ಗನ್ನ ವ್ಯಾಕ್ಯೂಮಿಗೇ ಹಾಕಬಹುದು, ಸ್ವಿಚ್ ಒತ್ತಿದ ತಕ್ಷಣ ಅದೂ ಶುರು ಆಗುತ್ತೆ, ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ಎಳೀತಾ ಇರುತ್ತೆ, ಹುಡುಗ್ರು ಮರೆಯೋ ಮಾತೇ ಇಲ್ಲ. ಮೊದಲ ದಿನ ಕಿಟಕಿಯಿಂದ ಬಿಸಿಲು ಬೀಳ್ತಿದ್ದ ಜಾಗದಲ್ಲೇ ನಿಂತು ಕಟ್ ಮಾಡಿ ನೋಡಿದ್ವಿ, ಬಿಸಿಲುಕೋಲಲ್ಲಿ ಧೂಳು ಅಲ್ಲೊಂದು ಇಲ್ಲೊಂದು ಅಷ್ಟೇ. "ಅಣ್ಣಾ, ರೆಪ್ಪೆ ಮೇಲೆ ಬಿಳೀದು ಏನೂ ಇಲ್ಲ ನೋಡು" ಅಂದ ನಮ್ ಹುಡುಗ.

ತೊಂದ್ರೆನೂ ಇದೆ. ಸಿಂಕ್ ಮೂಲೇಲಿ ಕವರ್ ಕಲ್ಲಿಗೆ ಪೂರ್ತಿ ಕೂರಲ್ಲ, ಅಲ್ಲಿ ಧೂಳು ಹೊರಗೆ ಬಂದೇ ಬರುತ್ತೆ, ಅದಕ್ಕೇ ಮಾಸ್ಕ್ ಇವತ್ತಿಗೂ ಬಿಟ್ಟಿಲ್ಲ. ಹೋಸ್ ಎರಡು ಸಲ ಹರೀತು. ಒಂದೂವರೆ ವರ್ಷಕ್ಕೆ ಎಳೆಯೋ ಶಕ್ತಿ ಕುಗ್ಗಿತು, ನಾನು ಫಿಲ್ಟರ್ ತೆಗೆದು ಗೋಡೆಗೆ ಬಡಿದೆ, ದೊಡ್ಡ ತಪ್ಪು ಅದು, ಎರಡು ದಿನದ ಧೂಳು ಒಂದೇ ಸಲ ಮುಖಕ್ಕೆ ಬಂತು, ಫಿಲ್ಟರ್ರೂ ಹಾಳಾಯ್ತು. ಈಗ ವ್ಯಾಕ್ಯೂಮ್ ಒಳಗಿನ ಧೂಳಿನ ಚೀಲ ಮುಕ್ಕಾಲು ತುಂಬ್ತಿದ್ದಂಗೆ ಬಾಯಿ ಕಟ್ಟಿ ಹಂಗೇ ಎತ್ತಿಬಿಡ್ತೀವಿ, ಕೊಡವೋದೇ ಇಲ್ಲ.

ನೀರು ಬಿಡೋಕೆ ಆಗೋ ಕಡೆ ನೀರೇ ಬಿಡಿ. ಆಗದೇ ಇರೋ ಕಡೆ ಇದು ಬೇಕೇ ಬೇಕು. ಪಾಲಿಶ್ ಮಾಡೋ ಹುಡುಗನಿಗೆ ಬೇರೆ ಒಂದು ತಗೊಳೋಕೆ ದುಡ್ಡು ಕೂಡಿಸ್ತಿದೀನಿ.