ಭಾವೋದ್ರೇಕವನ್ನು ಒರೆಗೆ ಹಚ್ಚುವ ಕೃತಿ: ಜೊನಾಥನ್ ಎಡ್ವರ್ಡ್ಸ್ ಆಡಿಯೊಬುಕ್ ವಿಮರ್ಶೆ

ಆರಾಧನೆಯ ನಡುವೆ ಕಣ್ಣೀರು ಬಂದರೆ ಅದು ಪವಿತ್ರಾತ್ಮನ ಕೆಲಸವೋ, ಕೀಬೋರ್ಡ್ ನುಡಿಸುವವರ ಕೈಚಳಕವೋ ಎಂಬ ಪ್ರಶ್ನೆ ಇತ್ತೀಚಿನದೆಂದು ಭಾವಿಸಿರುವವರು ಜೊನಾಥನ್ ಎಡ್ವರ್ಡ್ಸ್ 1746ರಲ್ಲಿ ಪ್ರಕಟಿಸಿದ ‘ರಿಲಿಜಿಯಸ್ ಅಫೆಕ್ಷನ್ಸ್’ (ಧಾರ್ಮಿಕ ಭಾವನೆಗಳು) ಕೃತಿಯನ್ನು ಓದಬೇಕು. ಓದುವುದು ಕಷ್ಟವೆನಿಸಿದರೆ ಕೇಳಬೇಕು. ಹಳೆಯ ಇಂಗ್ಲಿಷಿನ ಉದ್ದುದ್ದ ವಾಕ್ಯಗಳಿಗೆ ಬೇಸತ್ತು ಅರ್ಧಕ್ಕೇ ಪುಸ್ತಕ ಮಡಚಿಡುವವರಿಗೆಂದೇ ಸಿದ್ಧಪಡಿಸಿದಂತಿರುವ ಪೂರ್ಣಪಾಠದ ಆಡಿಯೊಬುಕ್ ಒಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೃತಿಯ ಬಗ್ಗೆ ನನ್ನದು ಹೆಚ್ಚುಕಡಿಮೆ ಮೆಚ್ಚುಗೆಯೇ. ಧ್ವನಿಮುದ್ರಣದ ಬಗ್ಗೆ ಹಾಗೆ ಹೇಳಲಾರೆ.

ಎಡ್ವರ್ಡ್ಸ್ ಅಮೆರಿಕದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಊರಿನ ಚರ್ಚಿನ ಸಭಾಪಾಲಕರಾಗಿದ್ದರು. 1734–35ರಲ್ಲಿ ಅವರ ಸಭೆಯಲ್ಲೇ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಕಾಣಿಸಿಕೊಂಡಿತು. 1740ರಲ್ಲಿ ಇಂಗ್ಲೆಂಡಿನ ಬೋಧಕ ಜಾರ್ಜ್ ವಿಟ್‌ಫೀಲ್ಡ್ ಪ್ರಸಂಗ ಮಾಡುತ್ತ ಸಂಚರಿಸಿದ ಮೇಲೆ ಅದು ಸುತ್ತಲಿನ ನ್ಯೂ ಇಂಗ್ಲೆಂಡ್ ಪ್ರದೇಶದ ಉದ್ದಗಲಕ್ಕೂ ಹಬ್ಬಿತು. ಜನ ಗೋಳಾಡಿದರು, ಕೂಗಿದರು, ಮೂರ್ಛೆ ಹೋದರು. 1743ರಲ್ಲಿ ಜೇಮ್ಸ್ ಡೇವನ್‌ಪೋರ್ಟ್ ಎಂಬ ಬೋಧಕರು ನ್ಯೂ ಲಂಡನ್ನಿನಲ್ಲಿ ಧಾರ್ಮಿಕ ಗ್ರಂಥಗಳಿಗೇ ಬೆಂಕಿ ಹಾಕಿಸುವಷ್ಟರ ಮಟ್ಟಿಗೆ ಆವೇಶ ಏರಿತು. ಅದೇ ವರ್ಷ ಬಾಸ್ಟನ್ನಿನ ಸಭಾಪಾಲಕ ಚಾರ್ಲ್ಸ್ ಚಾನ್ಸಿ ಈ ಎಲ್ಲ ಉದ್ರೇಕವನ್ನು ಖಂಡಿಸಿ, ಮನುಷ್ಯನನ್ನು ನಡೆಸಬೇಕಾದದ್ದು ವಿವೇಕವೇ ಹೊರತು ಕೆರಳಿದ ಭಾವನೆಯಲ್ಲ ಎಂದು ದೊಡ್ಡ ಗ್ರಂಥವನ್ನೇ ಹೊರತಂದರು. ಎಡ್ವರ್ಡ್ಸ್ ಈ ಎರಡು ಪಾಳಯಗಳ ನಡುವೆ ನಿಂತು ಬರೆದರು. ಹಾಗೆ ನಿಂತವರು ಇಬ್ಬರಿಂದಲೂ ಬೈಸಿಕೊಳ್ಳುವುದು ರೂಢಿ.

ಮೊದಲ ಭಾಗ ಸತ್ಯವೇದದಲ್ಲಿನ (ಬೈಬಲ್) ಪೇತ್ರನ ಮೊದಲನೆಯ ಪತ್ರಿಕೆಯ ಒಂದು ವಚನದಿಂದ ಆರಂಭವಾಗುತ್ತದೆ: ಕಾಣದ ಕ್ರಿಸ್ತನನ್ನು ಪ್ರೀತಿಸಿ, ಮಾತಿಗೆ ನಿಲುಕದ ಸಂತೋಷದಿಂದ ಉಲ್ಲಾಸಪಡುವವರ ವಚನ ಅದು. ಭಯ, ನಿರೀಕ್ಷೆ, ಪ್ರೀತಿ, ದುಃಖ, ಕೃತಜ್ಞತೆ, ಕನಿಕರ ಇವೆಲ್ಲವನ್ನೂ ಸತ್ಯವೇದದಿಂದ ಒಂದೊಂದಾಗಿ ಎತ್ತಿ ತೋರಿಸಿ, ಇವುಗಳನ್ನು ತೆಗೆದುಹಾಕಿದರೆ ಭಕ್ತಿಯಲ್ಲಿ ಉಳಿಯುವುದೇನು ಎಂದು ಅವರು ಕೇಳುತ್ತಾರೆ. ಅವರ ಲೆಕ್ಕದಲ್ಲಿ ಇಂಥ ಭಾವನೆಯೆಂದರೆ ಮನಸ್ಸಿನ ಒಲವು ಮತ್ತು ಇಚ್ಛೆ ತೀವ್ರವಾಗಿ ಚಲಿಸುವುದೇ. ಬುದ್ಧಿಗೆ ಎದುರಾಗಿ ನಿಂತ ಬೇರೊಂದು ಶಕ್ತಿಯಲ್ಲ. ಹಾಡುಗಾರಿಕೆಯ ಕುರಿತ ವಾದ ನನಗೆ ವಿಶೇಷವಾಗಿ ಹಿಡಿಸಿತು: ದೇವರನ್ನು ಗದ್ಯದಲ್ಲೇ ಸ್ತುತಿಸಬಹುದಾಗಿದ್ದರೂ ಪದ್ಯ ಮತ್ತು ರಾಗವನ್ನು ಬಳಸುವಂತೆ ವಿಧಿಸಿರುವುದಕ್ಕೆ, ಅವು ಹೃದಯವನ್ನು ಕಲಕುತ್ತವೆ ಎಂಬುದಲ್ಲದೆ ಬೇರೆ ಕಾರಣವಿಲ್ಲ ಎನ್ನುತ್ತಾರೆ. ಕಟ್ಟುನಿಟ್ಟಿನ ಪ್ಯೂರಿಟನ್ ಪರಂಪರೆಯವರ ಬಾಯಲ್ಲಿ ಈ ಮಾತು ಕೇಳಿದಾಗ, ಸಂಗೀತ ತಂಡ ಕಂಡೊಡನೆ ಮುಖ ಸಿಂಡರಿಸುವವರು ಸ್ವಲ್ಪ ಯೋಚಿಸಬೇಕಾಗುತ್ತದೆ.

ಎರಡನೆಯ ಭಾಗದಲ್ಲಿ ಅವರು ಇನ್ನೊಂದು ಪಾಳಯದ ಕಡೆ ತಿರುಗುತ್ತಾರೆ. ಭಾವನೆ ಬಹಳ ಎತ್ತರಕ್ಕೇರುವುದು, ದೇಹ ನಡುಗುವುದು, ಮಾತು ಧಾರಾಳವಾಗಿ ಹರಿಯುವುದು, ಸತ್ಯವೇದದ ವಚನಗಳು ತಾವಾಗಿಯೇ ನೆನಪಿಗೆ ಬರುವುದು ಸೇರಿದಂತೆ ಹನ್ನೆರಡು ಲಕ್ಷಣಗಳನ್ನು ಹೆಸರಿಸಿ, ಇವು ಯಾವುದನ್ನೂ ಖಚಿತಪಡಿಸುವುದಿಲ್ಲ ಎನ್ನುತ್ತಾರೆ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು: ನಡುಗಿದವರ ಭಕ್ತಿ ನಿಜವೆಂದೂ ಅದರಿಂದ ಸಿದ್ಧವಾಗದು, ಸುಳ್ಳೆಂದೂ ಸಿದ್ಧವಾಗದು.

ಧ್ವನಿಮುದ್ರಣ ಎಡವುವುದು ಇಲ್ಲಿಯೇ. ವಾಚಕರ ಧ್ವನಿ ಮೂಲತಃ ಹದವಾಗಿದೆ; ಉಪವಾಕ್ಯಗಳು ಒಂದರೊಳಗೊಂದು ಹೆಣೆದುಕೊಂಡಿರುವ ಕಡೆಗಳಲ್ಲಿ ಕೇಳುಗ ದಾರಿ ತಪ್ಪದಂತೆ ತಕ್ಕ ಜಾಗದಲ್ಲಿ ನಿಲ್ಲಿಸಿ ಓದುತ್ತಾರೆ. ಆದರೆ ಪ್ರತಿ ಅಧ್ಯಾಯದ ಕೊನೆಯಲ್ಲಿ ಪಿಯಾನೊ ಮೆಲ್ಲನೆ ಆರಂಭವಾಗಿ, ಅದರ ಮೇಲೆ ಪಿಟೀಲು ಸೇರಿ, ಕೊನೆಯ ವಾಕ್ಯದ ಹೊತ್ತಿಗೆ ಸಂಗೀತ ಉಕ್ಕಿ ಬರುವಂತೆ ಮಾಡಿದ್ದಾರೆ. ಭಾವನೆಯ ಎತ್ತರದಿಂದ ಏನೂ ಸಾಬೀತಾಗುವುದಿಲ್ಲ ಎಂದು ಎಡ್ವರ್ಡ್ಸ್ ತಾಳ್ಮೆಯಿಂದ ವಾದಿಸಿ ಮುಗಿಸುವ ಅಧ್ಯಾಯವೂ ಇದರಿಂದ ಪಾರಾಗಿಲ್ಲ. ನನಗಂತೂ ನಗು ಬಂತು. ರಾಗಕ್ಕೆ ಹೃದಯ ಕಲಕುವ ಶಕ್ತಿಯಿದೆ ಎಂದವರೂ ಅವರೇ ಅಲ್ಲವೇ ಎಂದು ಪ್ರಕಾಶಕರು ಸಮರ್ಥಿಸಿಕೊಳ್ಳಬಹುದು. ಆದರೆ ಸತ್ಯವನ್ನು ಅರಿತದ್ದರಿಂದ ಹುಟ್ಟುವ ಭಾವನೆ ಬೇರೆ, ಅರಿವಿಗೆ ಮೊದಲೇ ಮೇಲೆ ಸುರಿದ ಭಾವನೆ ಬೇರೆ ಎಂಬುದು, ನಿಜವಾದ ಭಾವನೆಯ ಹನ್ನೆರಡು ಲಕ್ಷಣಗಳನ್ನು ವಿವರಿಸುವ ಮೂರನೆಯ ಭಾಗದಲ್ಲಿ, ನಾಲ್ಕನೆಯ ಲಕ್ಷಣದ ತಿರುಳೇ ಆಗಿದೆ.

ಆ ಮೂರನೆಯ ಭಾಗ ಕೃತಿಯ ಜೀವಾಳ. ಜೇನನ್ನು ನೋಡಿ, ಮುಟ್ಟಿ ತಿಳಿದವನ ಅರಿವಿಗೂ ಅದನ್ನು ಸವಿದವನ ಅರಿವಿಗೂ ಇರುವ ಅಂತರವನ್ನು ಎಡ್ವರ್ಡ್ಸ್ ಹೇಳುವುದು ಇಲ್ಲಿ. ನಿಜವಾದ ಭಾವನೆಗಳಲ್ಲಿ ಹೊಂದಾಣಿಕೆ ಇರುತ್ತದೆ ಎಂಬ ಹತ್ತನೆಯ ಲಕ್ಷಣ ಆರಾಧನೆ ನಡೆಸುವವರಿಗೆ ತುಂಬ ಉಪಯುಕ್ತ: ದೇವರ ಮೇಲೆ ಉಕ್ಕುವ ಪ್ರೀತಿ ನೆರೆಯವರ ವಿಷಯದಲ್ಲಿ ಬತ್ತಿಹೋಗಿದ್ದರೆ, ಸಭೆಯಲ್ಲಿ ಧಗಧಗಿಸಿದ ಭಕ್ತಿ ಏಕಾಂತದಲ್ಲಿ ತಣ್ಣಗಾಗಿದ್ದರೆ, ಅನುಮಾನಿಸಲು ಅಲ್ಲಿ ಕಾರಣವಿದೆ. ಹನ್ನೆರಡನೆಯದೂ ಅತಿ ದೀರ್ಘವೂ ಆದ ಲಕ್ಷಣವೆಂದರೆ ನಡತೆ. ಹೀಗೆ ಬರೆದವರೇ 1731ರಲ್ಲಿ ಗುಲಾಮಳಾಗಿದ್ದ ಹುಡುಗಿಯೊಬ್ಬಳನ್ನು ಹಣ ಕೊಟ್ಟು ಕೊಂಡಿದ್ದರು. ಇದು ಪುಸ್ತಕದ ಹೊರಗಿನ ವಿಷಯವೆಂದು ಬದಿಗೆ ಸರಿಸಲಾಗದು, ಏಕೆಂದರೆ ನಡತೆಯನ್ನೇ ಕೊನೆಯ ಸಾಕ್ಷಿಯಾಗಿ ಕರೆದವರು ಅವರು. ಆಡಿಯೊಬುಕ್ಕಿನ ಪ್ರಸ್ತಾವನೆಯಲ್ಲಿ ಇದರ ಸುಳಿವೇ ಇಲ್ಲದಿರುವುದನ್ನು ನಾನು ಲೋಪವೆಂದೇ ಎಣಿಸುತ್ತೇನೆ.

ಕೃತಿಯಲ್ಲಿ ನನಗೆ ಕಂಡ ಕೊರತೆ ಇನ್ನೊಂದು. ಏನೂ ಅನ್ನಿಸದೆ ಪ್ರಾರ್ಥನೆಗೆ ಕೂರುವವರಿಗೆ, ಖಿನ್ನತೆಯಿಂದ ಮನಸ್ಸು ಮರಗಟ್ಟಿರುವವರಿಗೆ ಇಲ್ಲಿ ಸಿಗುವ ಆಸರೆ ಕಡಿಮೆ. ಭಾವಶೂನ್ಯತೆಯನ್ನು ಎಡ್ವರ್ಡ್ಸ್ ಬಹುತೇಕ ಕಠಿಣ ಹೃದಯದ ಗುರುತಾಗಿಯೇ ನೋಡುತ್ತಾರೆ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುವ 88ನೆಯ ಕೀರ್ತನೆಯನ್ನು ಸತ್ಯವೇದ ಆರಾಧನೆಯ ಪಾಠವಾಗಿಯೇ ಉಳಿಸಿಕೊಂಡಿದೆ. ಬರಡುತನದ ಕಾಲದಲ್ಲಿ ಹಿಂದಿನ ನಿರ್ಧಾರಗಳನ್ನು ಬದಲಿಸಬೇಡಿ ಎಂದು ಹದಿನಾರನೆಯ ಶತಮಾನದಲ್ಲೇ ಬೋಧಿಸಿದ, ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ ಅವರಲ್ಲಿ ಇಂಥವರಿಗೆ ಹೆಚ್ಚಿನ ಸಾಂತ್ವನ ದೊರೆಯುತ್ತದೆ. ತನ್ನನ್ನು ತಾನು ಸದಾ ತನಿಖೆಗೆ ಒಡ್ಡಿಕೊಳ್ಳುವ ಸ್ವಭಾವದವರು ಮೂರನೆಯ ಭಾಗವನ್ನು ಒಂದೇ ಸಮನೆ ಕೇಳದಿರುವುದು ಒಳ್ಳೆಯದು.

ಕೊಳ್ಳುವವರಿಗೆ ಒಂದು ಸೂಚನೆ: ಹನ್ನೆರಡನೆಯ ಲಕ್ಷಣವಷ್ಟನ್ನೂ ಒಂದೇ ಟ್ರ್ಯಾಕಿನಲ್ಲಿ ತುಂಬಿರುವುದರಿಂದ ಬೇಕಾದ ಜಾಗಕ್ಕೆ ಹಿಂತಿರುಗುವುದು ಕಿರಿಕಿರಿ. ಹಕ್ಕುಸ್ವಾಮ್ಯ ಮುಗಿದಿರುವ ಮೂಲ ಪಾಠ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುವುದರಿಂದ ಅದನ್ನು ಎದುರಿಗಿಟ್ಟುಕೊಂಡು ಕೇಳಬಹುದು. ಸಂಗೀತ ಆರಂಭವಾದೊಡನೆ ಮುಂದಿನ ಅಧ್ಯಾಯಕ್ಕೆ ಹಾರಿಬಿಡಬೇಡಿ. ಅದರಡಿಯಲ್ಲಿ ಇನ್ನೂ ಎರಡು ಮೂರು ವಾಕ್ಯ ಬಾಕಿ ಇರುತ್ತವೆ, ಮತ್ತು ಎಡ್ವರ್ಡ್ಸ್ ತಮ್ಮ ತೀರ್ಮಾನವನ್ನು ಹೇಳುವುದು ಹೆಚ್ಚಾಗಿ ಅಲ್ಲಿಯೇ.